ನಮ್ಮದೇ ಆಚರಣೆ ಕಲಿಸುವ ಆನ್‌ಲೈನ್ ಕೋರ್ಸ್: ಸೇರಬಹುದಾ?

ದಿನನಿತ್ಯದ ಬದುಕಿನಲ್ಲೇ ನಮ್ಮದೊಂದು ಪುಟ್ಟ ಆಧ್ಯಾತ್ಮಿಕ ಆಚರಣೆ ಕಟ್ಟಿಕೊಳ್ಳುವುದು ಹೇಗೆ ಅಂತ ಹೇಳಿಕೊಡುವ ಆನ್‌ಲೈನ್ ಕೋರ್ಸ್ ಒಂದನ್ನು ಈಚೆಗೆ ಮುಗಿಸಿದೆ. ಸೇರಬಹುದು, ಅದರಲ್ಲೂ ಎರಡನೇ ಪಾಠಕ್ಕಾಗಿ. ಹೊಸದಕ್ಕೆ ಬೇರೆ ಸಮಯ ಹುಡುಕಬೇಡಿ, ದಿನಾ ಮಾಡುವ ಕೆಲಸಕ್ಕೇ ಜೋಡಿಸಿ ಅನ್ನುತ್ತಾರೆ. ಈಗ ನಾನು ಬೆಳಿಗ್ಗೆ ಮುಖ ತೊಳೆದ ಮೇಲೆ ಕಿಟಕಿ ತೆರೆದು, ಎರಡೂ ಕೈ ಚೌಕಟ್ಟಿನ ಮೇಲಿಟ್ಟು, ನಿಧಾನವಾಗಿ ಉಸಿರು ಬಿಟ್ಟು, ಇವತ್ತು ಇವರಿಗೆ ಒಳ್ಳೆಯದಾಗಲಿ ಅಂತ ಒಬ್ಬರ ಹೆಸರು ಮನಸ್ಸಲ್ಲೇ ಹೇಳಿಕೊಳ್ಳುತ್ತೇನೆ. ಅಷ್ಟೇ. ಒಂದು ನಿಮಿಷವೂ ಹಿಡಿಯುವುದಿಲ್ಲ, ಆದರೆ ಆ ಹೆಸರು ಇಡೀ ದಿನ ಜೊತೆಗಿರುತ್ತದೆ.

ಬೇಸರ ತಂದದ್ದು 21 ದಿನದ ಸವಾಲು. ಒಂದು ದಿನ ತಪ್ಪಿದರೆ ಮತ್ತೆ ಮೊದಲಿಂದ ಶುರು ಮಾಡಬೇಕಂತೆ! ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಭ್ಯಾಸ ಗಟ್ಟಿಯಾಗಲು ಬೇಕಾದ ಸಮಯ ಒಬ್ಬೊಬ್ಬರಿಗೆ ಒಂದೊಂದು ಥರ, 18ರಿಂದ 254 ದಿನದ ತನಕ. ನಡುವೆ ಒಂದು ದಿನ ತಪ್ಪಿದರೆ ಅಂಥ ದೊಡ್ಡ ನಷ್ಟವೂ ಇರಲಿಲ್ಲ. ಮನಸ್ಸಿಟ್ಟು ಮಾಡುವುದನ್ನು ಸುಮ್ನೆ ಪರೀಕ್ಷೆಯಾಗಿಸಿಬಿಟ್ಟರೆ ಹೇಗೆ, ಅಲ್ವಾ?

ವಿಡಿಯೊಗಳಲ್ಲಿ ಹಿನ್ನೆಲೆ ಸಂಗೀತ ಜಾಸ್ತಿ. ಜೊತೆಗೆ ಕೊಡುವ ಬರಹದ ಪ್ರತಿ ಓದಿಕೊಂಡರೂ ಸಾಕು.