ಅಂಗನವಾಡಿ ವಿಮರ್ಶೆ: ಎಲ್ಲ ಸರಿ, ಮೊಟ್ಟೆ ಲೆಕ್ಕ ಒಂದು ಬಿಟ್ಟು

ಮಿಕ್ಸಿ, ಫೋನು, ವಾಷಿಂಗ್ ಮೆಷಿನ್ನು ಎಲ್ಲದಕ್ಕೂ ಜನ ವಿಮರ್ಶೆ ಬರೆಯುತ್ತಾರೆ. ಅಂಗನವಾಡಿಗೆ ಯಾರೂ ಬರೆದಿದ್ದು ನಾನು ನೋಡಿಲ್ಲ. ಬಳಸುವವರು ನೋಡಿದರೆ ಪ್ರತಿ ಊರಲ್ಲೂ ಇದ್ದೀವಿ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕೋಲಾರ ತಾಲೂಕಿನ ಒಂದು ಹಳ್ಳಿ. ಗಂಡ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾರೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ, ಎರಡು ಹಸು ಇವೆ. 2018ರಲ್ಲಿ ಮಗಳು ಹೊಟ್ಟೆಯಲ್ಲಿದ್ದಾಗ ಅಂಗನವಾಡಿಯಲ್ಲಿ ಹೆಸರು ಬರೆಸಿದೆ. ಅವಳೀಗ ಒಂದನೇ ಕ್ಲಾಸು ಸೇರಿದ್ದಾಳೆ, ಅವಳ ಜಾಗದಲ್ಲಿ ತಮ್ಮ ಕೂತಿದ್ದಾನೆ. ಏನೇನು ಯೋಜನೆ ಇದೆ ಅಂತ ಕೇಂದ್ರದ ಗೋಡೆ ಮೇಲೇ ಬರೆದಿರುತ್ತಾರೆ, ಆ ಪಟ್ಟಿ ಇಲ್ಲಿ ಬೇಡ. ನನಗೆ ಹೇಳಬೇಕಾಗಿರುವುದು ಜಾಸ್ತಿ ಮೊಟ್ಟೆ ಬಗ್ಗೆ.

ಮೊದಲ ಬಸುರಿಯಲ್ಲಿ ನನಗೆ ಅಂಗನವಾಡಿಗೆ ಹೋಗಿ ಊಟ ಮಾಡುವುದು ಅಂದರೆ ನಾಚಿಕೆ. ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ಕ್ಕೆ ಶುರುವಾಗಿತ್ತು. ಬಸುರಿಯರು, ಬಾಣಂತಿಯರು ಮಧ್ಯಾಹ್ನ ಕೇಂದ್ರಕ್ಕೇ ಬಂದು ಬಿಸಿ ಊಟ ಮಾಡಬೇಕು ಅನ್ನೋದು ಅದರ ನಿಯಮ. "ಮನೇಲಿ ಅನ್ನ ಇಲ್ವಾ?" ಅಂತ ಅತ್ತೆ ಮುಖ ಗಂಟು ಹಾಕಿದರು. ಟೀಚರಮ್ಮ ಮನೆಗೇ ಬಂದು, "ಅಮ್ಮಾ, ಊಟಕ್ಕಲ್ಲ, ತೂಕ ನೋಡಬೇಕು, ಕಳಿಸಿ" ಅಂತ ಜಾಣತನದಿಂದ ಕರೆದುಕೊಂಡು ಹೋದರು.

ಆಮೇಲೆ ಅಲ್ಲಿಗೆ ಹೋಗುವುದೇ ನನಗೆ ದಿನದ ಖುಷಿ ಆಯಿತು. ಅನ್ನ, ಸಾಂಬಾರು, ಒಂದು ಪಲ್ಯ, ಹಾಲು, ಕಡಲೆಕಾಯಿ ಚಿಕ್ಕಿ, ಬೇಯಿಸಿದ ಮೊಟ್ಟೆ. ರುಚಿ ಬಗ್ಗೆ ಕೇಳಿದರೆ ಸಾಂಬಾರು ಕೆಲವು ದಿನ ನೀರು ನೀರು. ಆದರೆ ಅದು ನಾನು ಮಾಡದ ಅಡುಗೆ! ಕೂತ ಕಡೆ ಯಾರೋ ತಂದು ಬಡಿಸುತ್ತಾರೆ. ಪಕ್ಕದಲ್ಲಿ ಇನ್ನಿಬ್ಬರು ಬಸುರಿಯರು. ಯಾರಿಗೆ ವಾಂತಿ, ಯಾರಿಗೆ ಕಾಲು ಊತ, ಯಾರ ಗಂಡ ಏನಂದ, ಎಲ್ಲ ಮಾತಾಡಿಕೊಂಡು ತಿನ್ನುತ್ತಿದ್ದೆವು. ತಿಂದ ಮೇಲೆ ಟೀಚರ್ ಎದುರಿಗೇ ಕಬ್ಬಿಣದ ಮಾತ್ರೆ ನುಂಗಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ಮನೆಯಲ್ಲಾದರೆ ನಾನು ಕೊನೆಗೆ ಕೂರುವವಳು. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದ ಸಾರು ನನ್ನದು.

ಎರಡನೇ ಬಸುರಿ ಬಂದಾಗ ಕೊರೊನಾ. ಅಂಗನವಾಡಿ ಬಾಗಿಲು 2021ರ ನವೆಂಬರ್‌ವರೆಗೂ ಮುಚ್ಚಿತ್ತು. ಊಟದ ಬದಲು ಅಕ್ಕಿ, ಬೇಳೆ, ಮೊಟ್ಟೆ ಮನೆಗೆ ಬಂತು. ಲೆಕ್ಕದಲ್ಲಿ ಒಂದೂ ಕಡಿಮೆ ಇರಲಿಲ್ಲ. ಆದರೆ ಮನೆಗೆ ಬಂದ ಮೊಟ್ಟೆ ಬಸುರಿಯದ್ದಾಗಿ ಉಳಿಯುತ್ತಾ? ಗಂಡನಿಗೆ ಒಂದು, ಮಾವನಿಗೆ ಒಂದು, ಮಗಳು ಅತ್ತರೆ ಅವಳಿಗೊಂದು. ಬೇಡ ಅನ್ನೋಕೆ ನನಗೂ ಬಾಯಿ ಬರಲ್ಲ. ಅಕ್ಕಿಯಂತೂ ಮನೆಯ ಡ್ರಮ್ಮಿಗೆ ಬಿದ್ದು ಕಲೆತೇ ಹೋಯಿತು. ಎರಡೂ ಸಲ ಸರ್ಕಾರ ಖರ್ಚು ಮಾಡಿದ್ದು ಹೆಚ್ಚು ಕಡಿಮೆ ಒಂದೇ ಇರಬಹುದು. ನನ್ನ ಹೊಟ್ಟೆಗೆ ಬಿದ್ದದ್ದು ಮಾತ್ರ ಒಂದೇ ಅಲ್ಲ. ಊಟದ ಬದಲು ದುಡ್ಡು ಅಕೌಂಟಿಗೆ ಹಾಕಿಬಿಡಿ ಅನ್ನುವವರು ಇದನ್ನು ಸ್ವಲ್ಪ ಯೋಚನೆ ಮಾಡಬೇಕು.

ಹಾಗಂತ ನಾನು ದುಡ್ಡಿಗೆ ವಿರೋಧಿ ಅಲ್ಲ. ಮೊದಲ ಹೆರಿಗೆಗೆ ಮಾತೃವಂದನಾ ಯೋಜನೆಯ 5,000 ಕಂತಿನಲ್ಲಿ ಬಂತು, ಔಷಧಿ ಖರ್ಚಿಗೆ ಆಯಿತು. ಎರಡನೆಯದು ಹೆಣ್ಣಾದರೆ ಮಾತ್ರ 6,000, ನನಗೆ ಗಂಡಾಯಿತು, ಏನೂ ಇಲ್ಲ. ಗೃಹಲಕ್ಷ್ಮಿಯ 2,000 ಅತ್ತೆ ಹೆಸರಿಗೆ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರೇ ತಾನೆ. ಅದರಲ್ಲಿ ಮೊಮ್ಮಗಳಿಗೆ ಕಾಲ್ಗೆಜ್ಜೆ ಮಾಡಿಸಿದರು, ಸೊಸೆಗೆ ಒಂದು ನೈಟಿ ಕೂಡ ಬಂತು. ದೂರು ಹೇಳಲ್ಲ.

ಮಗನ ವಿಷಯಕ್ಕೆ ಬರುತ್ತೇನೆ. ನಮ್ಮ ಕೇಂದ್ರದಲ್ಲಿ ವಾರಕ್ಕೆ ಎರಡು ದಿನ ಮಕ್ಕಳಿಗೆ ಮೊಟ್ಟೆ. ಆ ಎರಡು ದಿನ ಅವನನ್ನು ಎಬ್ಬಿಸುವ ಕೆಲಸವೇ ಇಲ್ಲ. ಮಿಕ್ಕ ದಿನ ಹೊಟ್ಟೆ ನೋವು, ಕಾಲು ನೋವು, ಒಂದು ಸಲ "ಕೂದಲು ನೋವು" ಅಂತಲೂ ಅಂದಿದ್ದಾನೆ. ಆಯಮ್ಮ ದೊಡ್ಡ ಡಬರಿಯಲ್ಲಿ ಮೊಟ್ಟೆ ಬೇಯಿಸಿ, ಬಕೆಟ್ಟಿನ ತಣ್ಣೀರಿಗೆ ಹಾಕಿ, ಒಂದೊಂದನ್ನೇ ನೆಲಕ್ಕೆ ಮೆಲ್ಲಗೆ ಕುಟ್ಟಿ ಮಕ್ಕಳ ಕೈಗೆ ಕೊಡುತ್ತಾರೆ. ಸಿಪ್ಪೆ ಸುಲಿಯುವುದು ಮಕ್ಕಳ ಕೆಲಸ. ಬೆರಳಿಗೆ ಬಲ ಬರುತ್ತೆ, ಮುಂದೆ ಪೆನ್ಸಿಲ್ ಹಿಡಿಯೋಕೆ ಒಳ್ಳೇದು ಅಂತಾರೆ ಟೀಚರ್. ಸುಲಿದ ಸಿಪ್ಪೆಯನ್ನು ಒಂದು ತಟ್ಟೆಯಲ್ಲಿ ಕೂಡಿಸಿ, ಹೊರಗಿನ ಕರಿಬೇವಿನ ಗಿಡದ ಬುಡಕ್ಕೆ ಹಾಕಲು ದಿನಕ್ಕೊಬ್ಬ ಮಗುವಿಗೆ ಸರದಿ. ನನ್ನ ಮಗ ಬಿಳಿ ಭಾಗ ಮೊದಲು ತಿಂದು, ಹಳದಿಯನ್ನು ಮುಷ್ಟಿಯಲ್ಲಿ ಇಟ್ಟುಕೊಂಡು ಕೊನೆಯವರೆಗೂ ಕಾಯುತ್ತಾನೆ. ಮನೆಯಲ್ಲಿ ಅದೇ ಮೊಟ್ಟೆ ಕೊಟ್ಟರೆ ಹಳದಿ ಬೇಡ!

ಹಾಲಿನ ಕಥೆಯೂ ಹೀಗೇ. ಬೆಳಿಗ್ಗೆ ನಮ್ಮ ಹಸುವಿನ ಹಾಲನ್ನು ಕ್ಯಾನಿಗೆ ಹಾಕಿ ಡೈರಿಗೆ ಕಳಿಸುತ್ತೇವೆ. ಹತ್ತು ಗಂಟೆ ಹೊತ್ತಿಗೆ ಮಗ ಅಂಗನವಾಡಿಯಲ್ಲಿ ಹಾಲಿನ ಪುಡಿ ಕದಡಿದ ಹಾಲು ಕುಡಿಯುತ್ತಾನೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಅದು, ಒಂದು ಮಗುವಿಗೆ 150 ಮಿಲಿ. ಮನೆಯಲ್ಲಿ ಕರೆದ ಹಾಲಿನ ವಾಸನೆ ಅವನಿಗೆ ಆಗಲ್ಲ, ಅಲ್ಲಿ ಲೋಟ ಮೇಲೆತ್ತಿ ಕೊನೆಯ ಹನಿವರೆಗೂ ಹೀರುತ್ತಾನೆ. ಪಕ್ಕದಲ್ಲಿ ಕೂತ ಹುಡುಗಿ ಕುಡಿಯುತ್ತಾಳಲ್ಲ, ಅದಕ್ಕೆ.

ಇನ್ನು ಬೇಜಾರಿನ ಮಾತು.

ಕಳೆದ ಚಳಿಗಾಲದಲ್ಲಿ ಒಂದು ಮೊಟ್ಟೆ ದಿನ ಮಗ ಮುಖ ಸಪ್ಪಗೆ ಮಾಡಿಕೊಂಡು ಬಂದ. ಮೊಟ್ಟೆ ಇರಲಿಲ್ಲವಂತೆ. ಮುಂದಿನ ವಾರ ಒಂದೇ ದಿನ ಕೊಟ್ಟರು. ಆಮೇಲೆ ಕೆಲವು ವಾರ ಏನೂ ಇಲ್ಲ. ಊರಲ್ಲಿ ಮಾತು ಶುರುವಾಗಲು ಎಷ್ಟು ಹೊತ್ತು ಬೇಕು? "ಟೀಚರ್ ಮನೆಗೆ ಒಯ್ತಾರೆ" ಅಂತ ಒಬ್ಬರು, "ಹೋಟೆಲಿಗೆ ಮಾರ್ತಾರೆ" ಅಂತ ಇನ್ನೊಬ್ಬರು. ನಾನು ಬಾಲವಿಕಾಸ ಸಮಿತಿಯಲ್ಲಿ ಸದಸ್ಯೆ. ಹೆಸರಿಗೆ ದೊಡ್ಡದಾಗಿದ್ದರೂ ಅದು ನಮ್ಮಂಥ ತಾಯಂದಿರ ಗುಂಪು, ಸಭೆ ಅಂತ ಕೂರಿಸಿ ಸಹಿ ಹಾಕಿಸಿಕೊಂಡು ಕಳಿಸುತ್ತಾರೆ. ಈ ಸಲ ನಾನು ಲೆಕ್ಕದ ಪುಸ್ತಕ ಕೊಡಿ ಅಂತ ಕೇಳಿದೆ. ಟೀಚರ್ ಬೇಜಾರು ಮಾಡಿಕೊಳ್ಳದೆ ತೆಗೆದುಕೊಟ್ಟರು. ಬೇಕಾದರೆ ಅಂಗಡಿ ಚೀಟಿಯನ್ನೂ ನೋಡು ಅಂದರು.

ನೋಡಿದೆ. ಅಂಗಡಿಯಲ್ಲಿ ಸಾಲ. ಮೊಟ್ಟೆ ಮೊದಲು ಬರುತ್ತೆ, ದುಡ್ಡು ಆಮೇಲೆ ಮೇಲಿಂದ ಬರಬೇಕು. ಆ ದುಡ್ಡು ತಿಂಗಳುಗಟ್ಟಲೆ ಬಂದಿಲ್ಲ. ಬರುವುದೂ ಒಂದು ಗೊತ್ತು ಮಾಡಿದ ದರದಲ್ಲಿ. ಅಂಗಡಿಯವನಿಗೆ ಆ ದರ ಕಟ್ಟಿಕೊಂಡು ಏನಾಗಬೇಕು? ಮೊಟ್ಟೆ ಬೆಲೆ ದಿನಾ ಏರುತ್ತೆ, ಇಳಿಯುತ್ತೆ. ಚಳಿ ಬಂದರೆ ಏರುವುದೇ. ಆಗ ನಮ್ಮೂರ ಅಂಗಡಿಯಲ್ಲಿ ಒಂದಕ್ಕೆ ಏಳು ರೂಪಾಯಿ ದಾಟಿತ್ತು. ಸಾಲ ಬೆಳೆದ ಮೇಲೆ ಅವನು ಟ್ರೇ ಕೊಡುವುದು ನಿಲ್ಲಿಸಿದ. ಅದಕ್ಕೂ ಮುಂಚೆ ಸ್ವಲ್ಪ ಸಾಲವನ್ನು ಟೀಚರ್ ತಮ್ಮ ಕೈಯಿಂದ ತೀರಿಸಿದ್ದರು. ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆದಿತ್ತು, ಪುಸ್ತಕದಲ್ಲಿ ಇರಲಿಲ್ಲ.

ಅವರ ಕೈಯಲ್ಲಿ ಎಷ್ಟಿರುತ್ತೆ ಅಂತ ಕೇಳಿ. ಅಂಗನವಾಡಿ ಕಾರ್ಯಕರ್ತೆಗೆ ಕೊಡುವುದು ಸಂಬಳ ಅಲ್ಲ, ಗೌರವಧನ. ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಅದು 2018ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 4,500 ಆಯಿತು, ಸಹಾಯಕಿಗೆ 2,250. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತೆ. 2025ರ ರಾಜ್ಯ ಬಜೆಟ್‌ನಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ಏರಿಸುವುದಾಗಿ ಹೇಳಿದರು. ಈ ದುಡ್ಡಿನಲ್ಲಿ ಊರ ಮಕ್ಕಳ ಮೊಟ್ಟೆ ಸಾಲ ತೀರಿಸಬೇಕಾ?

ಅವತ್ತು ಮನೆಗೆ ಬಂದು ಫೋನಿನಲ್ಲಿ ಹುಡುಕುತ್ತಾ ಕೂತೆ. ಒಂದು ಅಂಕಿ ಸಿಕ್ಕಿತು: 8 ರೂಪಾಯಿ. ಆರು ತಿಂಗಳಿಂದ ಆರು ವರ್ಷದವರೆಗಿನ ಒಂದು ಮಗುವಿನ ಪೂರಕ ಆಹಾರಕ್ಕೆ ದಿನಕ್ಕೆ ಇಷ್ಟು ಅಂತ 2017ರಲ್ಲಿ ಗೊತ್ತು ಮಾಡಿದ್ದು. ತೀರಾ ಬಡಕಲಾದ ಮಗುವಿಗೆ 12, ಬಸುರಿ ಬಾಣಂತಿಯರಿಗೆ 9 ರೂಪಾಯಿ 50 ಪೈಸೆ. ಇದರಲ್ಲಿ ಅರ್ಧ ಕೇಂದ್ರ, ಅರ್ಧ ರಾಜ್ಯ. ಅಂದರೆ ನನ್ನ ಮಗನ ಒಂದು ದಿನದ ಆಹಾರಕ್ಕೆ ದೆಹಲಿಯಿಂದ ಬರುವುದು ನಾಲ್ಕು ರೂಪಾಯಿ! ಹಾಲು, ಮೊಟ್ಟೆ ಅಂತ ಕರ್ನಾಟಕ ತನ್ನ ಕಡೆಯಿಂದ ಮೇಲೆ ಸೇರಿಸುವುದರಿಂದ ನಮ್ಮ ಮಕ್ಕಳ ತಟ್ಟೆ ಸ್ವಲ್ಪ ತುಂಬಿ ಕಾಣುತ್ತೆ. ಅದಕ್ಕೆ ಮೆಚ್ಚಲೇಬೇಕು. ಆದರೆ 2017ರಲ್ಲಿ ಇದ್ದ ಬೇಳೆ ಬೆಲೆ ಏನು, ಎಣ್ಣೆ ಬೆಲೆ ಏನು, ಈಗ ಏನು? ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ಎಂಟು ರೂಪಾಯಿಗೆ ಒಂದು ಟೀ ಕೊಡಿ ಅಂತ ಕೇಳಿ ನೋಡಿ.

ಇದು ದಯೆ ದಾಕ್ಷಿಣ್ಯದ ವಿಷಯವೂ ಅಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಈ ಊಟ ಮಗುವಿನ ಹಕ್ಕು ಅಂತಲೇ ಇದೆ. ಹಕ್ಕಿನ ಮೊಟ್ಟೆಯನ್ನು ಅಂಗಡಿಯಲ್ಲಿ ಸಾಲ ಹೇಳಿ ತರುವ ಪಾಡು ಯಾಕೆ ಅಂತ ಕೇಳಿದರೆ, ನಮ್ಮ ಟೀಚರ್ "ಬಿಡವ್ವ, ಬರುತ್ತೆ" ಅಂತಾರೆ. ಬಂತು ಕೂಡ, ಬೇಸಿಗೆ ಶುರುವಾಗುವ ಹೊತ್ತಿಗೆ. ಅಂಗಡಿ ಸಾಲ ತೀರಿತು. ತಪ್ಪಿದ ಮೊಟ್ಟೆಗಳು ಮಕ್ಕಳಿಗೆ ಮತ್ತೆ ಬರಲ್ಲ ಅಲ್ವಾ.

ದುಡ್ಡು ಕಳಿಸುವಾಗ ಇಷ್ಟು ನಿಧಾನ, ಲೆಕ್ಕ ಕೇಳುವಾಗ ಮಾತ್ರ ಭಾರೀ ಚುರುಕು. ಈಗ ಎಲ್ಲ ಪೋಷಣ್ ಟ್ರ್ಯಾಕರ್ ಆಪ್‌ನಲ್ಲಿ. ಹಾಜರಿ, ತೂಕ, ಎತ್ತರ, ಊಟ ಕೊಟ್ಟಿದ್ದು ಎಲ್ಲ ಫೋನಿಗೆ ಹಾಕಬೇಕು. 2025ರ ಜುಲೈನಿಂದ ಮನೆಗೆ ಒಯ್ಯುವ ಆಹಾರಕ್ಕೆ ಆ ಆಪ್‌ನ ಕ್ಯಾಮೆರಾಗೆ ಮುಖ ತೋರಿಸುವುದು ಕಡ್ಡಾಯ. ನನ್ನ ಓರಗಿತ್ತಿಗೆ ಪುಟ್ಟ ಮಗು ಇದೆ, ಅವಳು ಕಂಪನಿ ಬಸ್ಸಿಗೆ ಬೆಳಕು ಹರಿಯುವ ಮುಂಚೆ ಹೋಗಬೇಕು. ಮುಖ ಅವಳದ್ದೇ ಬೇಕು, ಅತ್ತೆ ಮುಖ ನಡೆಯಲ್ಲ. ಒಂದು ದಿನ ರಜೆ ಹಾಕಿ ಬಂದಳು. ನಮ್ಮೂರಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಅವಳು ಟ್ಯಾಂಕಿನ ಕೆಳಗೆ ನಿಂತು ಕಣ್ಣು ಮಿಟುಕಿಸುವುದು, ಟೀಚರ್ ಫೋನು ಮೇಲೆ ಕೆಳಗೆ ಆಡಿಸುವುದು. ಒಳಗೆ ಮಕ್ಕಳನ್ನು ಆಯಮ್ಮ ಒಬ್ಬರೇ ನೋಡಿಕೊಳ್ಳಬೇಕು. ಕಳ್ಳತನ ತಡೆಯಬೇಕು, ಸರಿ. ಆದರೆ ಹಾಡು ಹೇಳಿಕೊಡುವ ಸಮಯವೆಲ್ಲ ಟ್ಯಾಂಕಿನ ಕೆಳಗೆ ಹೋದರೆ ಹೇಗೆ?

ಪಕ್ಕದ ಮನೆಯವರು ಇದನ್ನೆಲ್ಲ ನೋಡಿ ಮಗುವನ್ನು ಪ್ರೈವೇಟ್ ನರ್ಸರಿಗೆ ಹಾಕಿದರು. ವ್ಯಾನು ಮನೆ ಬಾಗಿಲಿಗೆ ಬರುತ್ತೆ, ಟೈ ಇದೆ, ಎಬಿಸಿಡಿ ಗಟ್ಟಿಯಾಗಿ ಹೇಳುತ್ತೆ ಮಗು. ನನಗೂ ಒಂದು ಕ್ಷಣ ಆಸೆ ಆಯಿತು. ಫೀಸು, ವ್ಯಾನು, ಬುಕ್ಕು ಸೇರಿಸಿ ಕೇಳಿದಾಗ ಆಸೆ ತಣ್ಣಗಾಯಿತು. ನನ್ನ ಹೊಲಿಗೆ ದುಡ್ಡು ಪೂರ್ತಿ ಅಲ್ಲಿಗೇ. ಜೊತೆಗೆ ಡಬ್ಬಿ ನಾನೇ ಕಟ್ಟಬೇಕು, ಅದರಲ್ಲಿ ಬಿಸ್ಕತ್ತು ಇಲ್ಲದಿದ್ದರೆ ಮಗು ಒಪ್ಪಲ್ಲವಂತೆ. ಒಂದನೇ ಕ್ಲಾಸಿಗೆ ಆರು ವರ್ಷ ತುಂಬಿರಬೇಕು ಅಂತ ನಿಯಮ ಬಂದ ಮೇಲೆ ಈ ಆಸೆ ಊರಲ್ಲಿ ಜಾಸ್ತಿಯಾಗಿದೆ. ಅಲ್ಲಿವರೆಗೂ ಏನು ಮಾಡಿಸೋದು ಅಂತ ಎಲ್ಲರ ಚಿಂತೆ. ಅಂಗನವಾಡಿಯಲ್ಲೇ ಎಲ್‌ಕೆಜಿ, ಯುಕೆಜಿ ಸರಿಯಾಗಿ ನಡೆದರೆ ನಮ್ಮೂರ ಅರ್ಧ ಮಕ್ಕಳು ವಾಪಸ್ ಬರುತ್ತಾರೆ. ಇಬ್ಬರು ಹೆಂಗಸರ ಕೈಯಲ್ಲಿ ಅಡುಗೆ, ಆಪು, ತೂಕ, ಸರ್ವೆ, ಅದರ ಮೇಲೆ ಯುಕೆಜಿ ಅಂದರೆ ಆಗಲ್ಲ. ಇನ್ನೊಬ್ಬರನ್ನು ಕೊಡಬೇಕು.

ಕಲಿಕೆ ಏನೂ ಇಲ್ಲ ಅಂತಲ್ಲ. ನಮ್ಮೂರಲ್ಲಿ ಅರ್ಧ ಮನೆಗಳಲ್ಲಿ ತೆಲುಗು. ಆ ಮಕ್ಕಳು ಆರು ತಿಂಗಳಲ್ಲಿ ಕನ್ನಡದಲ್ಲಿ ಜಗಳ ಆಡುತ್ತಾರೆ, ನನ್ನ ಮಗ ತೆಲುಗಿನಲ್ಲಿ ಎಣಿಸುತ್ತಾನೆ. ಮಗಳು ಶಾಲೆಗೆ ಹೋದ ಮೊದಲ ದಿನ ಅಳಲಿಲ್ಲ, ಊಟಕ್ಕೆ ಮುಂಚೆ ತಾನೇ ಹೋಗಿ ಕೈ ತೊಳೆದುಕೊಂಡಳಂತೆ. ತೂಕ ನೋಡುವುದರಲ್ಲೂ ನಮ್ಮ ಟೀಚರ್ ಬಿಡಲ್ಲ. ಮಗ ಜ್ವರ ಬಂದು ಇಳಿದಿದ್ದಾಗ ನನಗಿಂತ ಮುಂಚೆ ಅವರಿಗೇ ಗೊತ್ತಾಗಿತ್ತು.

ಐದರಲ್ಲಿ ನಾಲ್ಕು ಕೊಡುತ್ತೇನೆ. ಚಳಿಗಾಲದಲ್ಲಿ ಬರೆದಿದ್ದರೆ ಎರಡೇ ಕೊಡುತ್ತಿದ್ದೆ. ಆ ನಾಲ್ಕರಲ್ಲಿ ಮೂರು ಟೀಚರಮ್ಮ, ಆಯಮ್ಮನಿಗೆ, ಒಂದು ಹಾಲು ಮೊಟ್ಟೆ ಸೇರಿಸಿದವರಿಗೆ. ಎಂಟು ರೂಪಾಯಿಗೆ ಸೊನ್ನೆ.

ಹೊಸದಾಗಿ ಸೇರಿಸುವವರು ತಾಯಿ ಕಾರ್ಡು, ಆಧಾರ್ ತೆಗೆದುಕೊಂಡು ಹೋಗಿ. ಫೋನ್ ನಂಬರ್ ಬದಲಾಗಿದ್ದರೆ ಮೊದಲು ಆಧಾರಿನಲ್ಲಿ ಸರಿ ಮಾಡಿಸಿ, ಇಲ್ಲದಿದ್ದರೆ ಒಟಿಪಿ ಹಳೇ ನಂಬರಿಗೆ ಹೋಗುತ್ತೆ. ಬಾಲವಿಕಾಸ ಸಮಿತಿಗೆ ಕರೆದರೆ ಬೇಡ ಅನ್ನಬೇಡಿ, ಹೋಗಿ ಪುಸ್ತಕ ನೋಡಿ, ಅಂಗಡಿ ಚೀಟಿಯನ್ನೂ ಕೇಳಿ.