ಎಸ್‌ಎಲ್: ನಾಲ್ಕು ತಲೆಮಾರು, ನಾಲ್ಕು ಟಾಪು

ಮರ್ಸಿಡಿಸ್ ಎಸ್‌ಎಲ್ ಹೆಸರಿನಲ್ಲಿರುವ ‘ಎಲ್’ ಅಂದರೆ ಲೈಖ್ಟ್. ಜರ್ಮನ್‌ನಲ್ಲಿ ಹಗುರ ಅಂತ. ಸ್ಟುಟ್‌ಗಾರ್ಟ್‌ಗೆ ಬಂದ ಏಳು ವರ್ಷಗಳಲ್ಲಿ, ಟಾಪು ಅಂದರೆ ಛಾವಣಿ ತೆರೆಯಬಹುದಾದ ಈ ‘ಹಗುರ’ದ ಕಾರಿನ ನಾಲ್ಕು ತಲೆಮಾರುಗಳನ್ನು ಓಡಿಸುವ ಯೋಗ ಬಂತು. ಒಂದು ಸಹೋದ್ಯೋಗಿಯ ಮಾವನದ್ದು, ಒಂದು ಪಕ್ಕದ ಮನೆಯವರದ್ದು, ಇನ್ನೆರಡು ಬಾಡಿಗೆಯವು. ರಸ್ತೆ ಮಾತ್ರ ಒಂದೇ: ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಷ್ಟಾಟ್‌ಗೆ ಕಾಡಿನ ನಡುವೆ ಸಾಗುವ ಬಿ500. ಚಾರ್ಮಾಡಿ ಇಳಿದವರಿಗೆ ಇಲ್ಲಿನ ತಿರುವುಗಳು ಲೆಕ್ಕಕ್ಕೇ ಇಲ್ಲ. ಆದರೆ ಗುಂಡಿಗಳೂ ಇಲ್ಲ, ಅದು ಬೇರೆ ಮಾತು.

1954ರ ಮೂಲ 300 ಎಸ್‌ಎಲ್ ಅನ್ನು ಮ್ಯೂಸಿಯಂನಲ್ಲಿ ನೋಡಿದ್ದಷ್ಟೇ. ಅದರ ಬಾಗಿಲು ರೆಕ್ಕೆಯ ಹಾಗೆ ಮೇಲಕ್ಕೆ ಏಳುವುದು ಬರೀ ಚಂದಕ್ಕಲ್ಲ. ಭಾರ ಇಳಿಸಲು ಸಣ್ಣ ಕೊಳವೆಗಳನ್ನು ಬೆಸೆದು ಚೌಕಟ್ಟು ಮಾಡಿದರು. ಅದು ಪಕ್ಕದಲ್ಲಿ ಎಷ್ಟು ಎತ್ತರ ಬಂತೆಂದರೆ ಮಾಮೂಲಿ ಬಾಗಿಲಿಗೆ ಜಾಗವೇ ಉಳಿಯಲಿಲ್ಲ. ಅಂಥ 1,400 ಕಾರು ಮಾತ್ರ ತಯಾರಾದವು.

ನಾನು ಓಡಿಸಿದ್ದರಲ್ಲಿ ಹಳೆಯದು 1970ರ 280 ಎಸ್‌ಎಲ್. ‘ಪಗೋಡಾ’ ಅಂತಲೇ ಎಲ್ಲರೂ ಕರೆಯುವುದು, ಅದರ ಹಾರ್ಡ್‌ಟಾಪ್, ಅಂದರೆ ಎತ್ತಿ ತೆಗೆದಿಡುವ ಗಟ್ಟಿ ಛಾವಣಿ, ಬೌದ್ಧ ಗುಡಿಯ ಮಾಡಿನ ಹಾಗೆ ನಡುವೆ ತಗ್ಗು, ಅಂಚಿನಲ್ಲಿ ಎತ್ತರ ಇರುವುದರಿಂದ. ಕಿಟಕಿ ಎತ್ತರವಾಗುತ್ತದೆ, ತಲೆ ತಗ್ಗಿಸದೆ ಹತ್ತಬಹುದು. ಕೊಟ್ಟ ಹಿರಿಯರು ಹೇಳಿದ್ದು ಒಂದೇ ಮಾತು: ಬಾಗಿಲು ಜೋರಾಗಿ ಹಾಕಬೇಡಿ. ನಿಜ, ಎರಡು ಬೆರಳು ಸಾಕು. ಟಕ್ ಅಂತ ಕೂರುತ್ತದೆ. ಸ್ಟೀರಿಂಗ್ ಚಕ್ರ ಬಸ್ಸಿನದರ ಹಾಗೆ ದೊಡ್ಡದು, ಆದರೆ ತೆಳ್ಳಗೆ, ಬೆರಳಲ್ಲೇ ತಿರುಗಿಸಬಹುದು. ಆರು ಸಿಲಿಂಡರ್, 170 ಎಚ್‌ಪಿ, ತೂಕ 1,400 ಕೆಜಿಗೂ ಕಡಿಮೆ. ಆಟೊಮ್ಯಾಟಿಕ್ ಗೇರು ಬದಲಾಗುವಾಗ ಯಾರೋ ಹಿಂದಿನಿಂದ ಮೊಣಕೈಯಲ್ಲಿ ತಿವಿದಂತೆ ಒಂದು ಜರ್ಕ್. ಸುಮ್ನೆ ಹೇಳಬಾರದು, ಎರಡೇ ಕಿಲೋಮೀಟರಿನಲ್ಲಿ ಅದೂ ಇಷ್ಟವಾಗಿಬಿಟ್ಟಿತು. ಬಟ್ಟೆಯ ಟಾಪನ್ನು ಕೈಯಲ್ಲೇ ಮಡಚಿ ಹಿಂದಿನ ಮುಚ್ಚಳದ ಕೆಳಗೆ ತುರುಕಬೇಕು. ಮಳೆ ಬಂದರೆ? ಇಳಿದು ಓಡಾಡಿ, ಅಷ್ಟೇ.

1971ರಲ್ಲಿ ಬಂದ ಮುಂದಿನ ತಲೆಮಾರು, ಕಂಪನಿಯ ಲೆಕ್ಕದಲ್ಲಿ ಆರ್107, ಹದಿನೆಂಟು ವರ್ಷದ ಹತ್ತಿರ ಮಾರುಕಟ್ಟೆಯಲ್ಲಿತ್ತು. ನನಗೆ ಸಿಕ್ಕಿದ್ದು 1987ರ 300 ಎಸ್‌ಎಲ್. ಗಟ್ಟಿ ಕಾರು, ಆದರೆ ನನ್ನ ಮಟ್ಟಿಗೆ ನಾಲ್ಕರಲ್ಲಿ ತೀರಾ ಸಪ್ಪೆ. ತಿರುವಿನಲ್ಲಿ ಸಂಜೆ ವಾಕಿಂಗ್ ಹೊರಟವರ ಹಾಗೆ ನಿಧಾನ. ಟಾಪ್ ಇಲ್ಲೂ ಕೈಕೆಲಸವೇ. ಹಿಂದಿನ ಲೈಟುಗಳ ಗಾಜಿಗೆ ಅಡ್ಡಡ್ಡ ಏಣು ಹಾಕಿದ್ದಾರೆ, ಕೆಸರು ಹಾರಿದರೂ ಏಣುಗಳ ನಡುವಿನ ಜಾಗ ಚೊಕ್ಕವಾಗಿ ಉಳಿಯಲಿ ಅಂತ. ಇಂಥದ್ದಕ್ಕೆ ಶಹಬ್ಬಾಸ್ ಅನ್ನಲೇಬೇಕು.

ಆಮೇಲೆ 1991ರ 500 ಎಸ್‌ಎಲ್, ಅಂದರೆ ಆರ್129. ಅಬ್ಬಾ! ಎಂಟು ಸಿಲಿಂಡರಿನ ವಿ8, 326 ಎಚ್‌ಪಿ. ತೂಕವೂ 1,700 ಕೆಜಿ ದಾಟಿತ್ತು, ಆದರೆ ಹಾಗೆ ಅನ್ನಿಸಲೇ ಇಲ್ಲ. ಒಂದೇ ಸ್ವಿಚ್ಚು. ಒತ್ತಿ ಹಿಡಿದರೆ ಕಿಟಕಿ ಇಳಿಯುತ್ತವೆ, ಹಿಂದಿನ ಮುಚ್ಚಳ ಏಳುತ್ತದೆ, ಬಟ್ಟೆ ಮಡಚಿಕೊಂಡು ಮಾಯ. ಅರ್ಧ ನಿಮಿಷದ ಕೆಲಸ. ಕಾರು ಪಲ್ಟಿ ಆಗುವಂತಿದ್ದರೆ ಸೀಟಿನ ಹಿಂದೆ ಮಲಗಿರುವ ರೋಲ್ ಬಾರ್, ಅಂದರೆ ತಲೆ ಕಾಯುವ ಕಂಬಿ, 0.3 ಸೆಕೆಂಡಿನಲ್ಲಿ ತಾನಾಗೇ ಎದ್ದು ನಿಲ್ಲುತ್ತದಂತೆ. ಅದನ್ನು ಪರೀಕ್ಷಿಸುವ ಮನಸ್ಸು ಮಾಡಲಿಲ್ಲ. ಸೀಟುಗಳ ಹಿಂದೆ ಜಾಲರಿಯ ಪರದೆ ನಿಲ್ಲಿಸಿದರೆ ಕತ್ತಿಗೆ ಗಾಳಿ ಹೊಡೆಯುವುದಿಲ್ಲ. 100ರ ವೇಗದಲ್ಲೂ ಹೆಂಡತಿ ಜೊತೆ ಮಾಮೂಲಿ ದನಿಯಲ್ಲಿ ಜಗಳ ಆಡಬಹುದು. ಆಡಿದೆವು.

ಕೊನೆಯದು 2003ರ ಎಸ್‌ಎಲ್ 500, ಆರ್230. ಇದರದ್ದು ಗಟ್ಟಿ ಟಾಪು, 16 ಸೆಕೆಂಡಿನಲ್ಲಿ ಮಡಚಿಕೊಂಡು ಡಿಕ್ಕಿಗೆ ಇಳಿಯುತ್ತದೆ. ಬಾಗಿಲು ತೆಗೆದರೆ ಬಾನೆಟ್ ಕೆಳಗಿಂದ ಗುಂಯ್ ಅಂತ ಸದ್ದು, ಎಲೆಕ್ಟ್ರಾನಿಕ್ ಬ್ರೇಕಿನ ಪಂಪು ಒತ್ತಡ ತುಂಬಿಕೊಳ್ಳುವುದು. ಮುಮ್ಮೆಲ್‌ಜೇ ಕೆರೆಯ ಹತ್ತಿರ ನಿಲ್ಲಿಸಿ ಟಾಪ್ ತೆಗೆಯೋಣ ಅಂದರೆ ಅಲುಗಾಡುತ್ತಿಲ್ಲ. ಹತ್ತು ಸಲ ಒತ್ತಿದೆ. ಸುತ್ತ ಜನ. ತಪ್ಪು ನನ್ನದೇ: ಡಿಕ್ಕಿಯಲ್ಲಿ ಸಾಮಾನಿನ ಮೇಲೆ ಎಳೆದು ಸಿಕ್ಕಿಸಬೇಕಾದ ಪರದೆಯನ್ನು ಸಿಕ್ಕಿಸಿರಲಿಲ್ಲ. ಅದಿಲ್ಲದೆ ಟಾಪ್ ಇಳಿಯುವುದಿಲ್ಲ. ಸಿಕ್ಕಿಸಿದೆ, ಇಳಿಯಿತು. ಆದರೆ ಬ್ಯಾಗು ಹೊರಗೇ ಉಳಿಯಿತು, ಜಾಗ ಸಾಲಲಿಲ್ಲ. ವೇಗ, ನಿಶ್ಶಬ್ದ, ಆರಾಮ, ಎಲ್ಲದರಲ್ಲೂ ಇದೇ ಮುಂದೆ. ಮುಚ್ಚಿದಾಗ ಪಕ್ಕಾ ಕೂಪೆ, ಅಂದರೆ ಗಟ್ಟಿ ಛಾವಣಿಯ ಎರಡು ಬಾಗಿಲ ಕಾರು. ಆದರೆ 1,800 ಕೆಜಿ ದಾಟಿದ್ದಕ್ಕೆ ‘ಹಗುರ’ ಅಂತ ಕರೆಯಲು ಧೈರ್ಯ ಬೇಕು, ಅಲ್ವಾ? 2021ರಲ್ಲಿ ಬಂದ ಹೊಸ ಎಸ್‌ಎಲ್ ಮತ್ತೆ ಬಟ್ಟೆಯ ಟಾಪಿಗೇ ಮರಳಿದೆ. ಹಿಂದೆ ಎರಡು ಪುಟ್ಟ ಸೀಟು ಬೇರೆ. ಅದನ್ನು ಇನ್ನೂ ಓಡಿಸಿಲ್ಲ.

ಸ್ವಂತ ದುಡ್ಡು ಹಾಕುವುದಾದರೆ ಕಣ್ಣುಮುಚ್ಚಿ ಆರ್129. ದಿನಾ ಓಡಿಸಬಹುದು, ಮಳೆಗೆ ಹೆದರಬೇಕಿಲ್ಲ. ಪಗೋಡಾ ನನ್ನ ಕೈಗೆಟುಕುವುದಲ್ಲ. ಆದರೆ ಅದರ ಹಾರ್ಡ್‌ಟಾಪ್ ಎತ್ತಿ ಕೂರಿಸಲು ಇಬ್ಬರು ಬೇಕೇ ಬೇಕು. ಅಕ್ಟೋಬರ್‌ನಲ್ಲಿ ಬರುತ್ತೀಯಾ ಅಂತ ಆ ಹಿರಿಯರು ಈಗಲೇ ಫೋನ್ ಮಾಡಿದ್ದಾರೆ.