ಕೂದಲಿಗೆ ಮಾಸ್ಕ್ ಹಾಕುವ ಕೆಲಸ: ಜಿಂಪ್ ಬಳಸಿದವರ ಮಾತು

2018ರಲ್ಲಿ 2.10 ಆವೃತ್ತಿ ಬಂದಾಗ ಜಿಂಪ್ ಅನ್ನೋ ಫೋಟೊ ತಿದ್ದುವ ಉಚಿತ ತಂತ್ರಾಂಶ ಹಾಕಿಕೊಂಡೆ. ಅಂದಿನಿಂದ ಇದರಲ್ಲಿ ಜಾಸ್ತಿ ಮಾಡಿದ ಕೆಲಸ ಒಂದೇ. ಹಾರುವ ಕೂದಲು, ನಾಯಿಯ ತುಪ್ಪಳ, ಮರದ ತುದಿಯ ರೆಂಬೆಗಳನ್ನು ಹಿನ್ನೆಲೆಯಿಂದ ಬಿಡಿಸುವುದು.

ಮೊದಲ ವರ್ಷ ಸಣ್ಣ ಬ್ರಷ್ ಹಿಡಿದು ಒಂದೊಂದೇ ಎಳೆ ತಿದ್ದುತ್ತಿದ್ದೆ. ಕಣ್ಣು ನೋವು ಬಂತು, ಕೂದಲು ತಂತಿ ಥರ ಕಂಡಿತು. ಎಳೆ ಎಷ್ಟೋ ಸಲ ಒಂದು ಪಿಕ್ಸೆಲ್‌ಗಿಂತ ಸಣ್ಣದು. ಅದೇ ಪಿಕ್ಸೆಲ್‌ನಲ್ಲಿ ಕೂದಲೂ ಇದೆ, ಆಕಾಶವೂ ಇದೆ. ಮಾಸ್ಕ್ ಅಂದರೆ ಫೋಟೊ ಮೇಲಿನ ಕಪ್ಪು-ಬಿಳಿ ಮುಸುಕು: ಬಿಳಿ ಇದ್ದಲ್ಲಿ ಫೋಟೊ ಕಾಣುತ್ತದೆ, ಕಪ್ಪಿದ್ದಲ್ಲಿ ಮರೆಯಾಗುತ್ತದೆ. ಅಲ್ಲಿಗೆ ಬೇಕಾದ್ದು ಕಪ್ಪೂ ಅಲ್ಲ, ಬಿಳಿಯೂ ಅಲ್ಲ, ಬೂದು. ಅದನ್ನು ಕೈಯಲ್ಲಿ ಬಳಿಯೋಕಾಗುತ್ತಾ?

ಆ ಬೂದು ಫೋಟೊದಲ್ಲೇ ಇದೆ ಅಂತ ತಿಳಿದ ಮೇಲೆ ಕೆಲಸ ಹಗುರಾಯಿತು. ಡಿಕಂಪೋಸ್ ಕೊಟ್ಟು ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು, ಅಂದರೆ ಒಂದೊಂದು ಬಣ್ಣದ ಪಾಲನ್ನು ತೋರಿಸುವ ಕಪ್ಪು-ಬಿಳಿ ಚಿತ್ರಗಳನ್ನು, ಬೇರೆ ಬೇರೆ ನೋಡುತ್ತೇನೆ. ನೀಲಿ ಆಕಾಶದ ಮುಂದೆ ಕಪ್ಪು ಕೂದಲಿದ್ದರೆ, ನೀಲಿ ಚಾನೆಲ್‌ನಲ್ಲಿ ಆಕಾಶ ಬೆಳ್ಳಗೆ, ಕೂದಲು ಕಡುಕಪ್ಪು. ಅದನ್ನು ಇನ್ವರ್ಟ್ ಮಾಡಿ (ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ), ಕಪ್ಪು-ಬಿಳಿಯ ಮಿತಿ ಹೊಂದಿಸುವ ಲೆವೆಲ್ಸ್‌ನ ಎರಡೂ ತುದಿಯನ್ನು ಚೂರು ಒಳಗೆಳೆದು, ಫೋಟೊದ ಲೇಯರ್ (ಪದರ) ಮಾಸ್ಕ್‌ಗೆ ಅಂಟಿಸುತ್ತೇನೆ. ಮುಖ, ಬಟ್ಟೆಯ ಒಳಭಾಗಕ್ಕೆ ಸುಮ್ನೆ ಬಿಳಿ ಬಳಿದರಾಯಿತು. ಲೆವೆಲ್ಸ್ ಅತಿಯಾಗಿ ಎಳೆದರೆ ಬೂದೆಲ್ಲ ಸತ್ತು ಮತ್ತೆ ಅದೇ ತಂತಿ. 2025ರಲ್ಲಿ ಬಂದ 3.0ರಲ್ಲಿ ಲೇಯರ್‌ಗೆ ಹಾಕಿದ ಲೆವೆಲ್ಸ್ ಅನ್ನು ಆಮೇಲೂ ತೆರೆದು ತಿದ್ದಬಹುದು. ನನಗೆ ಅಪ್‌ಡೇಟ್ ಮಾಡೋಕೆ ಇದೊಂದೇ ಕಾರಣ ಸಾಕಾಗಿತ್ತು.

ಆದರೆ ನೀಲಿ ಚಾನೆಲ್ ಒರಟು. ಸಾಮಾನ್ಯ ಕ್ಯಾಮೆರಾ ಸೆನ್ಸರ್‌ನಲ್ಲಿ 4 ಚುಕ್ಕಿಗೆ 2 ಹಸಿರು, 1 ಕೆಂಪು, 1 ನೀಲಿ. ಜೆಪೆಗ್ ಮಾಡುವಾಗ ಬಣ್ಣದ ವಿವರ ಇನ್ನೂ ಸವೆಯುತ್ತದೆ. ಹಾಗಾಗಿ ಕೂದಲಿನ ಕೆಲಸ ಅಂದರೆ ರಾ ಫೈಲ್, ಅಂದರೆ ಜೆಪೆಗ್ ಮಾಡುವ ಮುಂಚಿನ ಕ್ಯಾಮೆರಾ ಫೈಲ್, ಕೇಳಿಯೇ ಕೂರುತ್ತೇನೆ.

ಹಿನ್ನೆಲೆ ಗಜಿಬಿಜಿ ಇದ್ದರೆ ಚಾನೆಲ್ ಕೈಕೊಡುತ್ತದೆ. ಆಗ ಜಿಂಪ್‌ನದೇ ಫೋರ್‌ಗ್ರೌಂಡ್ ಸೆಲೆಕ್ಟ್ ಅನ್ನೋ ಟೂಲ್. ಇದು ಖಂಡಿತ ಬೇಕು, ಇದು ಬೇಡ, ನಡುವಿನದು ನೀನೇ ನೋಡು ಅಂತ ಗೀಚಿ ತೋರಿಸಬೇಕು. ದೊಡ್ಡ ಫೋಟೊಗೆ ಹೊತ್ತು ಹಿಡಿಯುತ್ತದೆ. ಒಂದೇ ಒತ್ತಿಗೆ ಹಿನ್ನೆಲೆ ತೆಗೆಯುವ ಮೊಬೈಲ್ ಆ್ಯಪ್ ಒಂದನ್ನೂ ನೋಡಿದೆ. ಡಬ್ಬಿ, ಪುಸ್ತಕಕ್ಕೆ ಸರಿ. ಕೂದಲನ್ನು ಮಾತ್ರ ಟೋಪಿ ಮಾಡಿಬಿಟ್ಟಿತು.

ಮಾಸ್ಕ್ ಸರಿಯಿದ್ದೂ ಅಂಚಿನಲ್ಲಿ ನೀಲಿ ಛಾಯೆ ಉಳಿಯುತ್ತದೆ ಅಲ್ವಾ, ಅದು ಮಾಸ್ಕ್‌ನ ತಪ್ಪಲ್ಲ. ಹಳೇ ಆಕಾಶ ಆ ಪಿಕ್ಸೆಲ್‌ನ ಬಣ್ಣದಲ್ಲೇ ಬೆರೆತಿದೆ. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಮಾಸ್ಕ್ ಕೆರೆದಿದ್ದೇನೆ. ಈಗ ಮಾಸ್ಕ್ ಮುಟ್ಟುವುದಿಲ್ಲ. ಬ್ರಷ್ ಅನ್ನು ಬೆಳಕು-ನೆರಳು ಬಿಟ್ಟು ಬಣ್ಣ ಮಾತ್ರ ಬದಲಿಸುವ ಕಲರ್ ಮೋಡ್‌ಗೆ ಹಾಕಿ, ಪಕ್ಕದ ಕೂದಲಿನ ಬಣ್ಣವನ್ನೇ ಎತ್ತಿಕೊಂಡು, ಫೋಟೊದ ಅಂಚಿನ ಮೇಲೆ ಒಮ್ಮೆ ಆಡಿಸುತ್ತೇನೆ.